ಹದಿನೆಂಟನೆಯ ಶತಮಾನದ ಸಂಗೀತವೂ ನಮ್ಮ ಸುಳಾದಿಗಳೂ

ಪುರಸೈವಾಕ್ಕಂ, ವೇಪೇರಿ, ಅಯನಾವರಂ ಈ ಕಡೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳನ್ನು ಸಂಗೀತ ಪಾಠಕ್ಕೆ ಕಳುಹಿಸುವ ವಾಡಿಕೆ ಹಿಂದಿನಿಂದಲೂ ಇದೆ. ಮಗು ಮೊದಲು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆಗಳನ್ನು ಕಲಿಯುತ್ತದೆ. ಆಮೇಲೆ ಏಳು ತಾಳಗಳಲ್ಲಿ ಅಲಂಕಾರ. ಅದು ಮುಗಿದ ಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಇವಿಷ್ಟೂ ಬೇಗ ಮುಗಿದು ಕೃತಿಯ ಪಾಠ ಯಾವಾಗ ಶುರುವಾದೀತೋ ಎಂದು ತಾಯಿತಂದೆಯರು ಕಾಯುತ್ತಾರೆ. ಮೊದಲ ವರ್ಷದ ಪಾಠವನ್ನು ಮೆಟ್ಟಿಲೆಂದು ತಿಳಿದು ಏರಿಬಿಡುತ್ತೇವೆಯೇ ಹೊರತು, ಆ ಮೆಟ್ಟಿಲಿನ ಕಲ್ಲು ಯಾವ ಕಾಲದ್ದು, ಯಾವ ಊರಿನದು ಎಂದು ವಿಚಾರಿಸುವವರು ವಿರಳ.

ವಿಚಾರಿಸಿದರೆ ನಮಗೆ ಸಂತೋಷವನ್ನೂ ಸ್ವಲ್ಪ ಆತಂಕವನ್ನೂ ಉಂಟುಮಾಡುವ ಸಂಗತಿಗಳು ಹೊರಬೀಳುತ್ತವೆ. ಆ ಏಳು ತಾಳಗಳಿಗೆ ಶಾಸ್ತ್ರದಲ್ಲಿಯೂ ಪಾಠದಲ್ಲಿಯೂ ‘ಸುಳಾದಿ ಸಪ್ತತಾಳ’ ಎಂದೇ ಹೆಸರು. ಸುಳಾದಿ ಎಂಬುದು ನಮ್ಮ ಹರಿದಾಸರು ಕನ್ನಡದಲ್ಲಿ ಬೆಳೆಸಿದ ರಚನೆಯ ಹೆಸರು. ತಾಳದ ಹೆಸರು ಉಳಿಯಿತು. ಆ ತಾಳಗಳಲ್ಲಿ ಹಾಡುತ್ತಿದ್ದ ಸುಳಾದಿಗಳು ಮಾತ್ರ ಸಭೆಯಿಂದ ಮರೆಯಾದವು. ಹದಿನೆಂಟನೆಯ ಶತಮಾನದಲ್ಲಿ ಅವು ಹಾಡಿನಲ್ಲಿದ್ದವು, ಸ್ವರ ಹಾಕಿ ಬರೆದಿಡುವಷ್ಟು ಗೌರವವನ್ನೂ ಪಡೆದಿದ್ದವು. ಆ ಶತಮಾನದ ಸಂಗೀತವನ್ನು ವಿದ್ವಾಂಸರು ಹುಡುಕಿ, ಓದಿ, ಮತ್ತೆ ಹಾಡಿಸಲು ಪಟ್ಟ ಶ್ರಮದ ಕಥೆಯೇ ಈ ಲೇಖನದ ವಸ್ತು. ಆ ಶ್ರಮ ಬಹುಮಟ್ಟಿಗೆ ನಾವು ವಾಸಿಸುವ ಈ ಪಟ್ಟಣದಲ್ಲಿಯೇ ನಡೆದದ್ದು. ಅದರಲ್ಲಿ ಕನ್ನಡಿಗರು ಮಾತ್ರ ಮಾಡಬಲ್ಲ ಒಂದು ಕೆಲಸ ಇನ್ನೂ ಬಾಕಿ ಇದೆ.

ಮಣಲಿಯ ಮನೆ

ಮೊದಲು ನಮ್ಮ ಸುತ್ತಮುತ್ತಲಿನ ಚಿತ್ರವನ್ನು ನೋಡೋಣ. ಪುರಸೈವಾಕ್ಕಂ ಆಗ ಪಟ್ಟಣವಲ್ಲ, ಒಂದು ಹಳ್ಳಿ. 1693ರಲ್ಲಿ ಎಗ್ಮೋರ್, ತೊಂಡಿಯಾರ್‌ಪೇಟೆಗಳ ಜೊತೆಗೆ ಇದು ಈಸ್ಟ್ ಇಂಡಿಯಾ ಕಂಪನಿಯವರಿಗೆ ದತ್ತವಾಯಿತು. ವೇಪೇರಿ, ಪೆರಂಬೂರುಗಳು ಸೇರಿದ್ದು 1742ರಲ್ಲಿ. ಹೀಗೆ ಹಳ್ಳಿಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತ ಮದ್ರಾಸು ಬೆಳೆಯುತ್ತಿದ್ದ ಶತಮಾನ ಅದು. ಕೋಟೆಯ ದೊರೆಗಳಿಗೂ ನಾಡಿನ ಜನರಿಗೂ ನಡುವೆ ನಿಂತು ವ್ಯವಹಾರ ನಡೆಸುತ್ತಿದ್ದ ದುಬಾಷಿಗಳು ಅಪಾರ ಹಣ ಸಂಪಾದಿಸಿದರು. ಆ ಹಣದ ಒಂದು ಪಾಲು ದೇವಸ್ಥಾನಕ್ಕೆ ಹೋಯಿತು, ಒಂದು ಪಾಲು ಸಂಗೀತ ಸಾಹಿತ್ಯಗಳಿಗೆ ಹೋಯಿತು.

ಅಂಥವರಲ್ಲಿ ಮಣಲಿ ಮುತ್ತುಕೃಷ್ಣ ಮೊದಲಿಯಾರರದು ದೊಡ್ಡ ಹೆಸರು. ಅವರು ಗವರ್ನರ್ ಪಿಗಟ್‌ನ ದುಬಾಷಿ. ತಮಿಳಿನಲ್ಲಿ ‘ರಾಮನಾಟಕ’ವನ್ನು ರಚಿಸಿದ ಅರುಣಾಚಲ ಕವಿಗೆ ಆಶ್ರಯ ಕೊಟ್ಟವರು. ಅವರ ಮಗ ಚಿನ್ನಯ್ಯ ಎಂಬ ವೆಂಕಟಕೃಷ್ಣ ಮೊದಲಿಯಾರರು ತಂಜಾವೂರು ಸೀಮೆಯಿಂದ ರಾಮಸ್ವಾಮಿ ದೀಕ್ಷಿತರನ್ನು ಕುಟುಂಬಸಮೇತ ಕರೆಯಿಸಿ ಮಣಲಿಯಲ್ಲಿ ಇರಿಸಿಕೊಂಡರು. ಇಂದು ಮಣಲಿ ಎಂದರೆ ಪೆಟ್ರೋಲಿಯಂ ಶುದ್ಧೀಕರಣ ಕಾರ್ಖಾನೆಯ ಹೊಗೆಕೊಳವೆ ನಮ್ಮ ಕಣ್ಣಿಗೆ ಬರುತ್ತದೆ. ಪುರಸೈವಾಕ್ಕಂನಿಂದ ಪೆರಂಬೂರು, ಮಾಧವರಂ ದಾಟಿ ಹೋದರೆ ಸಿಕ್ಕುವ ಈ ಊರು ಇನ್ನೂರು ವರ್ಷಗಳ ಹಿಂದೆ ದಕ್ಷಿಣದ ಸಂಗೀತದ ಒಂದು ಮುಖ್ಯ ನೆಲೆಯಾಗಿತ್ತು.

ರಾಮಸ್ವಾಮಿ ದೀಕ್ಷಿತರು (1735–1817) ಹಂಸಧ್ವನಿ ರಾಗವನ್ನು ಬಳಕೆಗೆ ತಂದವರೆಂದು ಪ್ರಸಿದ್ಧರು. ನೂರೆಂಟು ರಾಗ, ತಾಳಗಳನ್ನು ಪೋಣಿಸಿ ಒಂದು ಮಾಲಿಕೆಯನ್ನೇ ಕಟ್ಟಿದರು. ಅದು ಪೂರ್ತಿಯಾಗಿ ಉಳಿದು ಬಂದಿಲ್ಲ. ಅವರ ಹಿರಿಯ ಮಗ ಮುತ್ತುಸ್ವಾಮಿ ದೀಕ್ಷಿತರು ಯೌವನದಲ್ಲಿ ಮಣಲಿಯಲ್ಲಿದ್ದಾಗ ಕೋಟೆಯ ಬ್ಯಾಂಡಿನ ವಾದ್ಯವನ್ನು ಕೇಳಿದರು. ಆ ವಿಲಾಯತಿ ಮಟ್ಟುಗಳಿಗೆ ಅವರು ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದ ‘ನೊಟ್ಟುಸ್ವರ’ಗಳು ಮೂವತ್ತಕ್ಕೂ ಹೆಚ್ಚು ಇವೆ. ಇಂಗ್ಲಿಷರ ರಾಜಗೀತೆಯ ಮಟ್ಟು ಕೂಡ ಅವುಗಳಲ್ಲಿ ಸೇರಿದೆ. ಕಿರಿಯ ಮಗ ಬಾಲುಸ್ವಾಮಿ ದೀಕ್ಷಿತರಿಗೆ ಮೊದಲಿಯಾರರು ಯೂರೋಪಿನ ವಾದಕರೊಬ್ಬರಿಂದ ಪಿಟೀಲು ಪಾಠ ಹೇಳಿಸಿದರು. ಪಿಟೀಲು ನಮ್ಮ ಸಂಗೀತದ ಪಕ್ಕವಾದ್ಯವಾದ ಕಥೆಯ ಮೊದಲ ಪುಟಗಳಲ್ಲಿ ಇದೂ ಒಂದು. ಮೈಸೂರು ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಹಿಡಿದು ಇದೇ ಪಟ್ಟಣದ ಸಭೆಗಳನ್ನು ಗೆದ್ದು, 1957ರಲ್ಲಿ ಸಂಗೀತ ಕಲಾನಿಧಿ ಪದವಿಯನ್ನು ಪಡೆದದ್ದನ್ನು ನೆನೆಯುವಾಗ, ಮಣಲಿಯ ಈ ಹುಡುಗನನ್ನೂ ನಾವು ನೆನೆಯಬೇಕು.

ತಂಜಾವೂರಿನ ದೊರೆ, ಕನ್ನಡದ ಸುಳಾದಿ

ರಾಮಸ್ವಾಮಿ ದೀಕ್ಷಿತರ ವಿದ್ಯೆ ಎಲ್ಲಿಂದ ಬಂದಿತು? ಅವರ ಗುರು ವೆಂಕಟವೈದ್ಯನಾಥ ದೀಕ್ಷಿತರು ವೆಂಕಟಮಖಿಯ ವಂಶಕ್ಕೆ ಸೇರಿದವರು. ವೆಂಕಟಮಖಿ ಹದಿನೇಳನೆಯ ಶತಮಾನದಲ್ಲಿ ‘ಚತುರ್ದಂಡಿಪ್ರಕಾಶಿಕೆ’ಯನ್ನು ಬರೆದು ಎಪ್ಪತ್ತೆರಡು ಮೇಳಗಳ ಲೆಕ್ಕವನ್ನು ಹಾಕಿಕೊಟ್ಟ ಮಹಾನುಭಾವ. ಆತನ ತಂದೆ ಗೋವಿಂದ ದೀಕ್ಷಿತ ತಂಜಾವೂರಿನ ನಾಯಕ ಅರಸರ ಮಂತ್ರಿ; ಹೊಯ್ಸಳ ಕರ್ನಾಟಕ ಬ್ರಾಹ್ಮಣ ಮನೆತನದವನು. ಕಾವೇರಿಯ ಮೇಲ್ದಂಡೆಯಿಂದ ಕೆಳದಂಡೆಗೆ ಬಂದು ನೆಲೆಸಿದ ಒಂದು ಕನ್ನಡ ಮನೆತನ ದಕ್ಷಿಣದ ಸಂಗೀತಶಾಸ್ತ್ರಕ್ಕೆ ಅಡಿಪಾಯ ಹಾಕಿತು ಎಂದರೆ ತಪ್ಪಾಗದು. ಊರು ಬಿಟ್ಟು ಬಂದವರು ಬಂದ ಊರಿಗೆ ಏನು ಕೊಡಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಬೇಕಿಲ್ಲ.

ನಾಯಕರ ತರುವಾಯ ತಂಜಾವೂರು ಮರಾಠ ಅರಸರ ಕೈಗೆ ಬಂದಿತು. ಅವರಲ್ಲಿ ಶಹಾಜಿ (ಆಳ್ವಿಕೆ 1684–1712) ಸ್ವತಃ ಕವಿ, ಸಂಗೀತಜ್ಞ. ರಾಗಗಳ ಲಕ್ಷಣವನ್ನು ತೆಲುಗಿನಲ್ಲಿ ಬರೆಯಿಸಿ, ಒಂದೊಂದು ಸಂಚಾರಕ್ಕೂ ಆಗ ಹಾಡಿನಲ್ಲಿದ್ದ ರಚನೆಗಳಿಂದ ಉದಾಹರಣೆ ಕೊಡಿಸಿದ. ಅವನ ತಮ್ಮ ತುಳಜಾಜಿ 1730ರ ಆಸುಪಾಸಿನಲ್ಲಿ ‘ಸಂಗೀತ ಸಾರಾಮೃತ’ ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದ. ಪೂರ್ವದ ಶಾಸ್ತ್ರಕಾರರು ಅನೇಕರು ಹಳೆಯ ಗ್ರಂಥಗಳ ಮಾತನ್ನೇ ಮತ್ತೆ ಹೇಳಿ ಬಿಡುವುದುಂಟು. ಈ ಇಬ್ಬರು ಅಣ್ಣತಮ್ಮಂದಿರ ಗ್ರಂಥಗಳ ಹೆಚ್ಚುಗಾರಿಕೆ ಎಂದರೆ, ತಮ್ಮ ಕಾಲದಲ್ಲಿ ನಿಜವಾಗಿ ಹಾಡುತ್ತಿದ್ದ ಗೀತ, ಠಾಯ, ಸುಳಾದಿಗಳನ್ನು ಪ್ರಮಾಣವಾಗಿ ಮುಂದಿಟ್ಟದ್ದು.

ತುಳಜಾಜಿ ಹೀಗೆ ಪ್ರಮಾಣವಾಗಿ ತೆಗೆದುಕೊಂಡವುಗಳಲ್ಲಿ ಪುರಂದರದಾಸರ ಸುಳಾದಿಗಳೂ ಇವೆ. ದಾಸರು 1564ರಲ್ಲಿ ಹಂಪೆಯಲ್ಲಿ ದೇಹ ಬಿಟ್ಟರು. ಅವರು ಹೋದ ಸುಮಾರು 170 ವರ್ಷಗಳ ಮೇಲೆ, ಮರಾಠಿ ಮನೆಮಾತಿನ ಒಬ್ಬ ದೊರೆ, ತಮಿಳು ನಾಡಿನ ರಾಜಧಾನಿಯಲ್ಲಿ ಕುಳಿತು, ಸಂಸ್ಕೃತದಲ್ಲಿ ಬರೆದ ಶಾಸ್ತ್ರಗ್ರಂಥದಲ್ಲಿ, ಒಂದು ರಾಗ ಹೀಗೆಯೇ ನಡೆಯಬೇಕು ಎನ್ನುವುದಕ್ಕೆ ಕನ್ನಡದ ಸುಳಾದಿಯನ್ನು ಸಾಕ್ಷಿ ಹಾಕಿದ. ಇದು ಬರಿಯ ಭಕ್ತಿಯ ಮಾತಲ್ಲ. ಹಾಡುಗಾರರ ನಡುವೆ ವಾದ ಬಂದರೆ ತೀರ್ಪು ಹೇಳುವ ಹಿರಿಯರ ಸ್ಥಾನದಲ್ಲಿ ಸುಳಾದಿ ಆಗ ನಿಂತಿತ್ತು.

ಸುಳಾದಿ ಎಂದರೇನು ಎಂಬುದನ್ನು ನಮ್ಮ ಕಿರಿಯರಿಗಾಗಿ ಎರಡು ಮಾತಿನಲ್ಲಿ ಹೇಳುವುದು ಒಳ್ಳೆಯದು. ದೇವರನಾಮದಲ್ಲಿ ಪಲ್ಲವಿ, ಅನುಪಲ್ಲವಿ, ಚರಣಗಳೆಲ್ಲ ಒಂದೇ ತಾಳದಲ್ಲಿರುತ್ತವೆ. ಸುಳಾದಿಯಲ್ಲಿ ಹಾಗಲ್ಲ. ಒಂದು ನುಡಿ ಧ್ರುವತಾಳದಲ್ಲಿ, ಮುಂದಿನದು ಮಠ್ಯದಲ್ಲಿ, ಆಮೇಲೆ ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಹೀಗೆ ತಾಳ ಬದಲಾಗುತ್ತ ಹೋಗಿ, ಕೊನೆಯಲ್ಲಿ ‘ಜತೆ’ ಎಂಬ ಎರಡು ಸಾಲಿನೊಂದಿಗೆ ಮುಕ್ತಾಯವಾಗುತ್ತದೆ. ಹಾಡುವವನಿಗೆ ತಾಳಜ್ಞಾನವೂ ಬೇಕು, ಉದ್ದಕ್ಕೂ ಸಾಗುವ ವಿಚಾರವನ್ನು ಬಿಡದೆ ಹಿಡಿಯುವ ಬುದ್ಧಿಯೂ ಬೇಕು. ಮಕ್ಕಳು ಅಲಂಕಾರ ಹಾಡುವಾಗ ತೊಡೆಯ ಮೇಲೆ ಹಾಕುವ ಆ ಏಳು ತಾಳಗಳು ಈ ದೊಡ್ಡ ರಚನೆಯ ಅಸ್ಥಿಪಂಜರ.

ಇತ್ತ ಕನ್ನಡ ನಾಡಿನಲ್ಲಿ

ಅದೇ ಶತಮಾನದಲ್ಲಿ ಕನ್ನಡ ನಾಡಿನಲ್ಲಿ ಏನು ನಡೆಯುತ್ತಿತ್ತು? ತುಂಗಭದ್ರೆ ಕೃಷ್ಣೆಗಳ ನಡುವಿನ ರಾಯಚೂರು ಸೀಮೆಯಲ್ಲಿ ದಾಸಸಾಹಿತ್ಯ ಎರಡನೆಯ ಸಲ ಕೊನರಿತ್ತು. ವಿಜಯದಾಸರು (1682–1755), ಅವರ ಶಿಷ್ಯ ಗೋಪಾಲದಾಸರು, ಅವರ ತರುವಾಯ ಮಾನ್ವಿಯ ಜಗನ್ನಾಥದಾಸರು ಈ ಕಾಲದವರು. ವಿಜಯದಾಸರ ಸುಳಾದಿಗಳು ಸಂಖ್ಯೆಯಲ್ಲಿಯೂ ತತ್ತ್ವದ ತೂಕದಲ್ಲಿಯೂ ಹಿರಿದಾದವು. ಅವರ ದುರ್ಗಾ ಸುಳಾದಿಯನ್ನು ಇಂದಿಗೂ ನಮ್ಮ ಅನೇಕ ಮನೆಗಳಲ್ಲಿ ನಿತ್ಯ ಪಠಿಸುತ್ತಾರೆ.

ಪಠಿಸುತ್ತಾರೆ ಎಂಬ ಮಾತನ್ನು ಗಮನಿಸಬೇಕು. ಮೇಲೆ ರಾಗದ ಹೆಸರು, ನುಡಿನುಡಿಗೂ ತಾಳದ ಹೆಸರು ಅಚ್ಚಾಗಿರುತ್ತದೆ. ನಾವು ಮಾತ್ರ ಅದನ್ನು ಸ್ತೋತ್ರದಂತೆ ಒಂದೇ ಧಾಟಿಯಲ್ಲಿ ಓದಿ ಮುಗಿಸುತ್ತೇವೆ. ದಾಸಪರಂಪರೆ ಸಾಹಿತ್ಯವನ್ನು ಜೋಪಾನವಾಗಿ ಕಾಪಾಡಿತು. ಮಟ್ಟನ್ನು ಸ್ವರ ಹಾಕಿ ಬರೆದಿಡುವ ಪದ್ಧತಿ ಅಲ್ಲಿ ಬೇರೂರಲಿಲ್ಲ. ಕಂಠದಿಂದ ಕಂಠಕ್ಕೆ ಹೋಗುವ ಮಟ್ಟು ಎಲ್ಲೋ ಒಂದೆಡೆ ತಪ್ಪಿದರೆ ಮತ್ತೆ ಸಿಕ್ಕುವುದಿಲ್ಲ. ಇಂದು ನಾವು ಕಛೇರಿಗಳಲ್ಲಿ ಕೇಳಿ ಆನಂದಿಸುವ ದೇವರನಾಮಗಳ ಮಟ್ಟುಗಳಲ್ಲಿ ಬಹುಪಾಲು ಈಚಿನ ವಿದ್ವಾಂಸರು ಕೂಡಿಸಿದವು. ಇದರಿಂದ ಅವುಗಳ ಸೊಗಸಿಗೆ ಕುಂದೇನೂ ಇಲ್ಲ. ಈ ಪಟ್ಟಣದಲ್ಲಿ ಲಲಿತಾಂಗಿಯವರು ಪುರಂದರದಾಸರ ಪದಗಳನ್ನು ಶ್ರದ್ಧೆಯಿಂದ ಕಲಿತು, 1941ರಲ್ಲಿ ‘ಪುರಂದರ ಮಣಿಮಾಲೈ’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಅವರ ಮಗಳು ಎಂ. ಎಲ್. ವಸಂತಕುಮಾರಿಯವರು ಆ ಪದಗಳನ್ನು ಮನೆಮನೆಗೂ ಮುಟ್ಟಿಸಿದರು. ಆ ಉಪಕಾರವನ್ನು ಕನ್ನಡಿಗರು ಮರೆಯಲಾಗದು.

ಹಾಗಾದರೆ ಸುಳಾದಿಗಳ ಹಳೆಯ ಮಟ್ಟು ಪೂರ್ತಿ ನಾಶವಾಯಿತೇ? ಇಲ್ಲ. ಹುಟ್ಟಿದ ನಾಡಿನಲ್ಲಿ ಕಳೆದುಹೋದದ್ದು ಪರನಾಡಿನ ಅರಮನೆಯ ಭಂಡಾರದಲ್ಲಿ ಉಳಿದುಕೊಂಡಿತು. ತಂಜಾವೂರಿನ ಸರಸ್ವತಿ ಮಹಲ್ ಪುಸ್ತಕ ಭಂಡಾರದಲ್ಲಿ ಗೀತ, ಠಾಯ, ಆಲಾಪ, ಪ್ರಬಂಧಗಳ ಜೊತೆಗೆ ಸುಳಾದಿ, ಉಗಾಭೋಗಗಳನ್ನೂ ಸ್ವರಾಕ್ಷರಗಳೊಡನೆ ಬರೆದ ಹಸ್ತಪ್ರತಿಗಳಿವೆ. ಶಹಾಜಿ, ತುಳಜಾಜಿಯರ ಕಾಲದ ಆಸ್ಥಾನ ವಿದ್ವಾಂಸರ ಪರಿಶ್ರಮದ ಫಲ ಇವು ಎಂದು ಬಲ್ಲವರ ಮತ.

ಒಬ್ಬರ ಹಠ, ಇನ್ನೊಬ್ಬರ ಭಂಡಾರ

ಈ ಹಳೆಯ ಸಂಗೀತವನ್ನು ಅಚ್ಚಿಗೆ ತರಬೇಕೆಂಬ ಹಂಬಲ ಮದ್ರಾಸಿನಲ್ಲಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಸರಕಾರಿ ಕಛೇರಿಯಲ್ಲಿ ಅಧಿಕಾರಿಯಾಗಿದ್ದ ಎ. ಎಂ. ಚಿನ್ನಸ್ವಾಮಿ ಮೊದಲಿಯಾರರು ಧರ್ಮದಲ್ಲಿ ಕ್ರೈಸ್ತರು, ಯೂರೋಪಿನ ಸಂಗೀತವನ್ನೂ ನಮ್ಮದನ್ನೂ ಬಲ್ಲವರು. ನಮ್ಮ ಕೃತಿಗಳನ್ನು ಯೂರೋಪಿನ ಸ್ವರಲಿಪಿಯಲ್ಲಿ ಬರೆದರೆ ಮಾತ್ರ ಅವು ಉಳಿದಾವು ಎಂದು ನಂಬಿ, 1892–93ರ ಸುಮಾರಿಗೆ ಕೈಯಿಂದ ಹಣ ಹಾಕಿ ಸಂಚಿಕೆಗಳನ್ನು ಹೊರಡಿಸಿದರು. ದೀಕ್ಷಿತರ ಕೃತಿಗಳ ಶುದ್ಧಪಾಠಕ್ಕಾಗಿ ಅವರು ಹುಡುಕಿ ಹಿಡಿದದ್ದು ಎಟ್ಟಯಾಪುರದ ಆಸ್ಥಾನದಲ್ಲಿದ್ದ ಸುಬ್ಬರಾಮ ದೀಕ್ಷಿತರನ್ನು (1839–1906).

ಸುಬ್ಬರಾಮ ದೀಕ್ಷಿತರು ಯಾರೆಂದರೆ, ಮಣಲಿಯಲ್ಲಿ ಪಿಟೀಲು ಕಲಿತ ಆ ಬಾಲುಸ್ವಾಮಿ ದೀಕ್ಷಿತರ ಮಗಳ ಮಗ, ಅವರಿಗೇ ದತ್ತುಪುತ್ರ. ವೆಂಕಟಮಖಿಯ ಪರಂಪರೆಯ ಗೀತೆಗಳು, ತಾನಗಳು, ಲಕ್ಷಣಶ್ಲೋಕಗಳು ಎಲ್ಲವೂ ಅವರ ಮನೆಯಲ್ಲಿ ಸೇರಿದ್ದವು. ಮನೆತನದ ಗುಪ್ತಧನವನ್ನು ಬೀದಿಗಿಡಲು ಅವರಿಗೆ ಮೊದಲು ಮನಸ್ಸಾಗಲಿಲ್ಲ. ಚಿನ್ನಸ್ವಾಮಿ ಮೊದಲಿಯಾರರು ಬಿಡಲಿಲ್ಲ. ಎಟ್ಟಯಾಪುರದ ರಾಜರ ಮುಂದೆಯೇ ಈ ಬೇಡಿಕೆಯನ್ನಿಟ್ಟರು. ರಾಜಾಜ್ಞೆಯಾಯಿತು. ಹೀಗೆ 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ತೆಲುಗು ಲಿಪಿಯಲ್ಲಿ, ಎಟ್ಟಯಾಪುರದ ಅಚ್ಚುಕೂಟದಲ್ಲಿಯೇ ಮುದ್ರಣಗೊಂಡು ಬೆಳಕು ಕಂಡಿತು.

ಈ ಗ್ರಂಥದಲ್ಲಿ ಮುತ್ತುಸ್ವಾಮಿ ದೀಕ್ಷಿತರ 229 ಕೃತಿಗಳು ಇರುವುದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಒಂದೊಂದು ರಾಗಕ್ಕೂ ಮೊದಲು ಲಕ್ಷಣಶ್ಲೋಕ, ಆಮೇಲೆ ವೆಂಕಟಮಖಿಯ ಸಂಪ್ರದಾಯದ ಗೀತೆ, ತಾನ, ಕೃತಿ, ಕೊನೆಗೆ ದೀಕ್ಷಿತರದೇ ಸಂಚಾರಿ ಎಂಬ ಕ್ರಮ ಅಲ್ಲಿದೆ. ಪುರಂದರದಾಸರ ಸುಳಾದಿಗೂ ಅಲ್ಲಿ ಸ್ಥಾನ ಸಿಕ್ಕಿದೆ. ಸ್ವರ ಎಲ್ಲಿ ಕಂಪಿಸಬೇಕು, ಎಲ್ಲಿ ಜಾರಬೇಕು ಎಂಬ ಗಮಕಗಳಿಗೂ ದೀಕ್ಷಿತರು ಬೇರೆ ಬೇರೆ ಗುರುತುಗಳನ್ನು ಹಾಕಿದ್ದಾರೆ. ತಂಜಾವೂರಿನ ಹಳೆಯ ಹಸ್ತಪ್ರತಿಗಳಲ್ಲಿ ಸ್ವರಾಕ್ಷರವಿದೆ, ಗಮಕದ ಗುರುತಿಲ್ಲ. ಆದ್ದರಿಂದ ಆ ಒಣ ಅಕ್ಷರಗಳಿಗೆ ನೀರೆರೆದು ಚಿಗುರಿಸಲು ಸುಬ್ಬರಾಮ ದೀಕ್ಷಿತರ ಪುಸ್ತಕವೇ ಇಂದಿಗೂ ವಿದ್ವಾಂಸರಿಗೆ ದೊಡ್ಡ ಆಸರೆ.

ಮದ್ರಾಸಿನ ವಿದ್ವತ್ತು

1927ರ ಕಾಂಗ್ರೆಸ್ ಅಧಿವೇಶನದ ಜೊತೆಗೆ ಇಲ್ಲಿ ನಡೆದ ಸಂಗೀತ ಸಮ್ಮೇಳನದ ಫಲವಾಗಿ 1928ರಲ್ಲಿ ಸಂಗೀತ ಅಕಾಡೆಮಿ ಹುಟ್ಟಿತು. ಡಿಸೆಂಬರಿನ ಕಛೇರಿಗಳೆಂದರೆ ನಮಗೆಲ್ಲ ಗೊತ್ತು. ಬೆಳಗಿನ ಹೊತ್ತು ವಿದ್ವಾಂಸರು ಕೂಡಿ ರಾಗಲಕ್ಷಣಗಳನ್ನು ಚರ್ಚಿಸುವ ಸಭೆಗಳು ಅಷ್ಟು ಜನರ ಕಿವಿಗೆ ಬಿದ್ದಿಲ್ಲ. ಪ್ರಕಟಣೆಯ ಕೆಲಸವೂ ಜೊತೆಜೊತೆಗೆ ನಡೆಯಿತು. 1934ರಲ್ಲಿ ಚತುರ್ದಂಡಿಪ್ರಕಾಶಿಕೆ, 1942ರಲ್ಲಿ ಪಂಡಿತ ಎಸ್. ಸುಬ್ರಹ್ಮಣ್ಯ ಶಾಸ್ತ್ರಿಗಳು ಸಂಪಾದಿಸಿದ ತುಳಜಾಜಿಯ ಸಾರಾಮೃತ ಅಕಾಡೆಮಿಯಿಂದ ಹೊರಬಂದವು. ಇವೆರಡರ ನಡುವೆ 1938ರಲ್ಲಿ ಅಡಯಾರ್ ಗ್ರಂಥಾಲಯ ಗೋವಿಂದ ಎಂಬಾತನ ‘ಸಂಗ್ರಹಚೂಡಾಮಣಿ’ಯನ್ನು ಅಚ್ಚು ಹಾಕಿತು. ಡಾ. ವಿ. ರಾಘವನ್ನರು ಹಸ್ತಪ್ರತಿಗಳ ಜಾಡು ಹಿಡಿದು ಬರೆದ ಪ್ರಬಂಧಗಳು, ಮದ್ರಾಸು ವಿಶ್ವವಿದ್ಯಾಲಯದಲ್ಲಿ ಪಿ. ಸಾಂಬಮೂರ್ತಿಯವರು ಕಟ್ಟಿದ ಪಾಠಕ್ರಮ, 1981ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಪ್ರಕಟವಾದ ತಂಜಾವೂರು ಸಂಗೀತದ ಮೇಲಿನ ಡಾ. ಎಸ್. ಸೀತಾ ಅವರ ಬೃಹದ್ಗ್ರಂಥ, ಇವೆಲ್ಲ ಈ ಕಟ್ಟಡದ ಕಂಬಗಳು. ಸಂಪ್ರದಾಯ ಪ್ರದರ್ಶಿನಿಯನ್ನು ತಮಿಳು ಲಿಪಿಗೆ ಇಳಿಸಿ 1961ರಿಂದ ಸಂಪುಟಗಳಾಗಿ ಹೊರತಂದದ್ದೂ ಅಕಾಡೆಮಿಯೇ. ಮೈಸೂರಿನಲ್ಲಿ ಡಾ. ರಾ. ಸತ್ಯನಾರಾಯಣರು ಚತುರ್ದಂಡಿಪ್ರಕಾಶಿಕೆಯನ್ನು ಮತ್ತೆ ಪರಿಷ್ಕರಿಸಿದ್ದಲ್ಲದೆ ಸುಳಾದಿ, ಉಗಾಭೋಗಗಳನ್ನು ಕುರಿತು ಪುಸ್ತಕವನ್ನೇ ಬರೆದರು.

ಇಂಥ ಅಧ್ಯಯನದಿಂದ ಸಾಮಾನ್ಯ ಶ್ರೋತೃವಿಗೆ ಏನು ಸಿಕ್ಕಿತು ಎಂದು ಕೇಳುವವರುಂಟು. ಮಗು ಕಲಿಯುವ ಮೊದಲ ರಾಗವನ್ನೇ ತೆಗೆದುಕೊಳ್ಳೋಣ. ಹಳೆಯ ಗ್ರಂಥಗಳಲ್ಲಿ ಅದರ ಹೆಸರು ಮಾಳವಗೌಳ ಎಂದಷ್ಟೇ. ವೆಂಕಟಮಖಿ ಎಪ್ಪತ್ತೆರಡು ಮೇಳಗಳ ಲೆಕ್ಕ ಹಾಕಿದರೂ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದ 19 ಮೇಳಗಳನ್ನು ಮಾತ್ರ ವರ್ಣಿಸಿದ್ದಾನೆ. ಎಪ್ಪತ್ತೆರಡಕ್ಕೂ ಹೆಸರಿಟ್ಟು, ಹೆಸರಿನ ಮೊದಲೆರಡು ಅಕ್ಷರಗಳಲ್ಲಿಯೇ ಮೇಳದ ಸಂಖ್ಯೆಯನ್ನು ಅಡಗಿಸಿದವರು ಅವನ ತರುವಾಯದವರು. ಕಟಪಯಾದಿ ಲೆಕ್ಕದಲ್ಲಿ ‘ಮ’ ಎಂದರೆ 5, ‘ಯ’ ಎಂದರೆ 1. ತಿರುಗಿಸಿ ಓದಿದರೆ 15. ಮಾಳವಗೌಳ ಹದಿನೈದನೆಯ ಮೇಳವಾದ್ದರಿಂದ ‘ಮಾಯಾ’ ಸೇರಿ ಮಾಯಾಮಾಳವಗೌಳವಾಯಿತು. ಶಂಕರಾಭರಣ ಇಪ್ಪತ್ತೊಂಬತ್ತನೆಯದು, ಧ 9, ರ 2, ಹಾಗಾಗಿ ಧೀರಶಂಕರಾಭರಣ.

ಹೀಗೆ ಹೆಸರಿಟ್ಟ ಪಟ್ಟಿಗಳು ಎರಡು. ಕನಕಾಂಬರಿಯಿಂದ ಮೊದಲಾಗುವ ಪಟ್ಟಿ ದೀಕ್ಷಿತರ ಮನೆತನ ಹಿಡಿದದ್ದು. ಕನಕಾಂಗಿಯಿಂದ ಮೊದಲಾಗುವ ಪಟ್ಟಿ ಸಂಗ್ರಹಚೂಡಾಮಣಿಯದು. ಇಂದು ಪಾಠದಲ್ಲಿರುವುದು ಇದೇ. ಒಂದರಲ್ಲಿ ಇಪ್ಪತ್ತೆರಡನೆಯದು ಶ್ರೀರಾಗ, ಇನ್ನೊಂದರಲ್ಲಿ ಖರಹರಪ್ರಿಯ. ತ್ಯಾಗರಾಜರಿಗೆ ಖರಹರಪ್ರಿಯದಲ್ಲಿ ಮೇರುಕೃತಿಗಳಿವೆ. ದೀಕ್ಷಿತರ ಸಂಪ್ರದಾಯದಲ್ಲಿ ಆ ಸ್ಥಾನ ಶ್ರೀರಾಗದ್ದು. ಇದು ವ್ಯಕ್ತಿಗಳ ಇಷ್ಟಾನಿಷ್ಟದ ಪ್ರಶ್ನೆಯಲ್ಲ, ಹದಿನೆಂಟನೆಯ ಶತಮಾನದಲ್ಲಿ ಎರಡು ದಾರಿಗಳು ಕವಲೊಡೆದುದರ ಗುರುತು ಎಂದು ತಿಳಿದ ಮೇಲೆ, ಕಛೇರಿ ಕೇಳುವ ನಮ್ಮ ಕಿವಿಯೂ ಚುರುಕಾಗುತ್ತದೆ.

ಹಳೆಯ ಬರಹದಿಂದ ಸಂಗೀತವನ್ನು ಎಬ್ಬಿಸುವ ಕೆಲಸ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ತುಳಜಾಜಿಯ ಸಮಕಾಲೀನನಾದ ಜರ್ಮನಿಯ ಬಾಖ್ 1750ರಲ್ಲಿ ತೀರಿಕೊಂಡ ಮೇಲೆ ಅವನ ದೊಡ್ಡ ರಚನೆಗಳು ಸಾರ್ವಜನಿಕರ ಕಿವಿಗೆ ಬೀಳದೆ ಹೋಗಿದ್ದವು. 1829ರಲ್ಲಿ ಮೆಂಡೆಲ್ಸನ್ ಎಂಬ ತರುಣ ಅವುಗಳಲ್ಲಿ ಒಂದನ್ನು ಬರ್ಲಿನ್ ನಗರದಲ್ಲಿ ಹಾಡಿಸಿದ. ಆಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಆ ಕಾಲದ ವಾದ್ಯಗಳನ್ನೇ ಮಾಡಿಸಿ, ಆ ಕಾಲದ ರೀತಿಯಲ್ಲಿಯೇ ನುಡಿಸಬೇಕೆಂಬ ಪಂಥ ಬೆಳೆಯಿತು. ಅವರಿಗೆ ವಾದ್ಯದ ಸಮಸ್ಯೆ, ನಮಗೆ ಗಮಕದ ಸಮಸ್ಯೆ. ಆದರೆ ಸುಳಾದಿಯ ವಿಷಯದಲ್ಲಿ ಇವೆರಡಕ್ಕಿಂತಲೂ ಮೊದಲು ಬಗೆಹರಿಯಬೇಕಾದ ಇನ್ನೊಂದು ತೊಡಕಿದೆ. ಅದು ಲಿಪಿಯದು.

ತೋರೆ, ತೊರೆ

ತಂಜಾವೂರಿನ ಹಸ್ತಪ್ರತಿಗಳಲ್ಲಿ ಸುಳಾದಿಯ ಭಾಷೆ ಕನ್ನಡ, ಬರೆದಿರುವ ಲಿಪಿ ಕೆಲವೆಡೆ ತೆಲುಗು, ಕೆಲವೆಡೆ ದೇವನಾಗರಿ. ಬರೆದ ಲಿಪಿಕಾರರ ಮನೆಮಾತು ಕನ್ನಡವಲ್ಲ. ಸ್ವರಾಕ್ಷರದ ಕೆಳಗೆ ಸಾಹಿತ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಬರೆಯುವಾಗ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಅಳಿಸಿಹೋಗುತ್ತದೆ. ದೇವನಾಗರಿಯಲ್ಲಿ ಹ್ರಸ್ವ ಎ, ಒ ಇಲ್ಲ. ಉದಾಹರಣೆಗೆ ‘ತೋರೆ’ ಎಂಬ ಮಾತನ್ನು ತೆಗೆದುಕೊಳ್ಳಿ. ಕಾಣಿಸಿಕೊಳ್ಳೆಂದು ದೇವರನ್ನು ಬೇಡುವ ಮಾತದು. ‘ತೊರೆ’ ಎಂದರೆ ಬಿಟ್ಟುಬಿಡು. ಎರಡೂ ಭಕ್ತಿಯ ಹಾಡಿನಲ್ಲಿ ಬರಬಹುದಾದ ಮಾತುಗಳೇ. ದೇವನಾಗರಿಯಲ್ಲಿ ಎರಡಕ್ಕೂ ಒಂದೇ ರೂಪ. ‘ಕೊಡು’, ‘ಕೋಡು’ಗಳ ಗತಿಯೂ ಅಷ್ಟೆ. ಸಂಸ್ಕೃತದಲ್ಲಿಯೂ ಸಂಗೀತದಲ್ಲಿಯೂ ಎಷ್ಟೇ ದೊಡ್ಡ ಪಂಡಿತರಾಗಿದ್ದರೂ ಕನ್ನಡ ಬಾರದವರು ಇಲ್ಲಿ ಕೈಚೆಲ್ಲಬೇಕಾಗುತ್ತದೆ. ಕನ್ನಡ ಬಲ್ಲವರಿಗೆ ಸ್ವರ ಓದಲು ಬಾರದಿದ್ದರೆ, ಹ್ರಸ್ವವೋ ದೀರ್ಘವೋ ಎಂದು ತಾಳದ ಅಳತೆಯಿಂದ ನಿರ್ಣಯಿಸಲು ಅವರಿಂದಲೂ ಆಗದು. ಎರಡನ್ನೂ ಬಲ್ಲವರು ಬೇಕು.

ಎರಡನ್ನೂ ಬಲ್ಲವರು ಎಲ್ಲಿ ಸಿಕ್ಕಾರು ಎಂದರೆ, ಅಂಥವರು ಬೆಳೆಯಬೇಕಾದ ಮನೆಗಳೇ ನಮ್ಮವು. ಈ ಪಟ್ಟಣದಲ್ಲಿ ಸಂಗೀತದ ಶಿಕ್ಷಣಕ್ಕೆ ಕೊರತೆಯಿಲ್ಲ, ಮನೆಯಲ್ಲಿ ಕನ್ನಡದ ಮಾತು ಇದೆ. ಆದರೆ ಆತಂಕದ ಸಂಗತಿಯೂ ಇಲ್ಲಿಯೇ ಇದೆ. ಇಂದು ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಪಾಠದ ಪುಸ್ತಕದಲ್ಲಿ ದೇವರನಾಮವನ್ನು ಬರೆದುಕೊಳ್ಳುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಇಂಗ್ಲಿಷಿನಲ್ಲಿ ಲ, ಳ ಭೇದವಿಲ್ಲ, ಹ್ರಸ್ವ ದೀರ್ಘದ ನಿಯಮವೂ ಇಲ್ಲ. ಕನ್ನಡದ ಹಾಡನ್ನು ಅನ್ಯಲಿಪಿಯಲ್ಲಿ, ಅರ್ಥ ತಿಳಿಯದೆ, ಕಿವಿಗೆ ಬಿದ್ದಂತೆ ಬರೆದುಕೊಂಡ ತಂಜಾವೂರಿನ ಲಿಪಿಕಾರರ ಕೆಲಸವನ್ನೇ ನಮ್ಮ ಮಕ್ಕಳೂ ಮಾಡುತ್ತಿದ್ದಾರೆ. ವ್ಯತ್ಯಾಸವೆಂದರೆ, ಲಿಪಿಕಾರರಿಗೆ ಕನ್ನಡ ತಾಯಿನುಡಿಯಾಗಿರಲಿಲ್ಲ. ನಮ್ಮ ಮನೆಯ ಪುಸ್ತಕವನ್ನು ಇನ್ನು ಐವತ್ತು ವರ್ಷಗಳ ಮೇಲೆ ಮೊಮ್ಮಕ್ಕಳು ತೆರೆದರೆ ತೋರೆಯೋ ತೊರೆಯೋ ಎಂದು ಅವರಿಗೆ ಯಾರು ಹೇಳಬೇಕು?

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಸಂಗೀತ ಕಲಿಯುವ ಮಗು ಗೀತೆಯ ಪಾಠಕ್ಕೆ ಬರುವ ಹೊತ್ತಿಗೆ ಕನ್ನಡ ಅಕ್ಷರಮಾಲೆಯನ್ನು ಕಲಿತಿರಲಿ. ಸ್ವರವನ್ನೂ ಸಾಹಿತ್ಯವನ್ನೂ ಕನ್ನಡದಲ್ಲಿಯೇ ಬರೆಯಲಿ. ಅಜ್ಜಿ ತಾತಂದಿರು ಇರುವ ಮನೆಗಳಲ್ಲಿ ಅವರ ಬಾಯಲ್ಲಿರುವ ಹಾಡಿನ ಧಾಟಿಯನ್ನು, ಅದು ಕಛೇರಿಯ ಮಟ್ಟಕ್ಕಿಲ್ಲವೆಂದು ಸಂಕೋಚ ಪಡದೆ, ಕೈಯಲ್ಲಿರುವ ಮೊಬೈಲಿನಲ್ಲಿ ಮುದ್ರಿಸಿಕೊಂಡು ರಾಗ ತಾಳದ ಹೆಸರಿನೊಡನೆ ಇಟ್ಟುಕೊಳ್ಳೋಣ. ದುರ್ಗಾ ಸುಳಾದಿಯನ್ನು ಪಠಿಸುವವರು ವಾರಕ್ಕೊಮ್ಮೆಯಾದರೂ ಅಲ್ಲಿ ಅಚ್ಚಾಗಿರುವ ತಾಳವನ್ನು ಹಾಕಿ ಒಂದು ನುಡಿಯನ್ನು ಹೇಳಿ ನೋಡಲಿ. ಓದುವಾಗ ತಪ್ಪುತ್ತಿದ್ದ ಪದಚ್ಛೇದ ತಾಳದಲ್ಲಿ ತಾನಾಗಿಯೇ ಸರಿಹೋಗುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಕನ್ನಡವನ್ನೂ ಸಂಗೀತವನ್ನೂ ಮುಂದಕ್ಕೆ ಓದುವ ಯುವಕ ಯುವತಿಯರು ನಮ್ಮಲ್ಲಿದ್ದರೆ, ತಂಜಾವೂರು ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣ ಎಂಬುದನ್ನು ಅವರಿಗೆ ನೆನಪಿಸೋಣ.

ಗೋವಿಂದ ದೀಕ್ಷಿತನ ಮನೆತನದವರು ಪರನಾಡಿನಲ್ಲಿ ನೆಲೆಸಿ ಆ ನಾಡಿನ ಸಂಗೀತಕ್ಕೆ ಲೆಕ್ಕ ಬರೆದುಕೊಟ್ಟರು. ತುಳಜಾಜಿ ಪರಭಾಷೆಯ ಸುಳಾದಿಯನ್ನು ಆದರದಿಂದ ತನ್ನ ಗ್ರಂಥದಲ್ಲಿ ಸೇರಿಸಿಕೊಂಡ. ಚಿನ್ನಸ್ವಾಮಿ ಮೊದಲಿಯಾರರು ಅನ್ಯಮತದ ಕೃತಿಗಳಿಗಾಗಿ ಸ್ವಂತ ಹಣ ಸುರಿದರು. ಇವರೆಲ್ಲ ಕಾಪಾಡಿಕೊಟ್ಟ ಗಂಟಿನಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಆ ಪಾಲಿನ ಅಕ್ಷರವನ್ನು ಓದಬಲ್ಲ ಒಬ್ಬರಾದರೂ ಪ್ರತಿಯೊಂದು ಕನ್ನಡ ಮನೆಯಲ್ಲಿ ಇರಲಿ ಎಂಬುದಷ್ಟೇ ನಮ್ಮ ಕೋರಿಕೆ.